ಕೊನೆಯ ಒಂದನ್ನು ಹೊಡೆಯುವವರು ಯಾರು?



ಟಿ.ವಿ.ಯಲ್ಲಿ ಕಾರ್ಟೂನ್ ಬರುತ್ತಿದೆ ಎನ್ನಿ. ಯಾವುದೋ ಪಾತ್ರ ಓಡುತ್ತಾ ಬಂದು ಮೇಲಕ್ಕೆ ಜಿಗಿದು, ಗಾಳಿಯಲ್ಲಿ ನಿಂತಿರುವ ಇಟ್ಟಿಗೆಯೊಂದನ್ನು ಗುದ್ದುತ್ತದೆ. ಠಣ್ ಎಂದು ನಾಣ್ಯವೊಂದು ಹೊರಗೆ ಬರುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪಕ್ಕದಲ್ಲಿ ಕುಳಿತ ಅಜ್ಜ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ನಗುವಂಥದ್ದು ಏನಿದೆಯೋ?" ಎನ್ನುತ್ತಾರೆ.

ಇದನ್ನೇ ತಿರುಗಿಸಿ ನೋಡಿ. ಭಾನುವಾರ ಗಂಟೆ ಒಂಬತ್ತಾದರೂ ಹೊದಿಕೆ ಬಿಡದ ಹುಡುಗನನ್ನು ಅಜ್ಜಿ "ಏಳೋ ಕುಂಭಕರ್ಣ" ಎಂದು ಎಬ್ಬಿಸುತ್ತಾರೆ. ಮನೆಯವರೆಲ್ಲ ನಗುತ್ತಾರೆ. ರಾಮಾಯಣದ ಕಥೆಯನ್ನೇ ಕೇಳದವನೊಬ್ಬ ಅಲ್ಲಿದ್ದರೆ ಅವನು ಪಿಳಿಪಿಳಿ ಕಣ್ಣು ಬಿಡಬೇಕಷ್ಟೆ. ಆ ಒಂದು ಹೆಸರಿನೊಳಗೆ ಆರು ತಿಂಗಳ ನಿದ್ದೆ, ಕಿವಿಯ ಬಳಿ ಬಾರಿಸಿದ ನಗಾರಿ, ಬಂಡಿಗಟ್ಟಲೆ ಅನ್ನ ಎಲ್ಲವೂ ಅಡಗಿದೆ. ಕಥೆ ಗೊತ್ತಿದ್ದವರಿಗೆ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಕಾರ್ಟೂನುಗಳೊಳಗೆ ವಿಡಿಯೊ ಗೇಮುಗಳು ಇಣುಕುವುದೂ ಹೀಗೆಯೇ. ಇಟ್ಟಿಗೆ ಗುದ್ದಿದರೆ ನಾಣ್ಯ ಬರುವುದು ಮಾರಿಯೋ ಎಂಬ ಆಟದ ನಿಯಮ. ಮಕ್ಕಳಿಗೆ ಆ ಕಥೆ ಗೊತ್ತು, ಅಜ್ಜನಿಗೆ ಗೊತ್ತಿಲ್ಲ. ವ್ಯತ್ಯಾಸ ಅಷ್ಟೇ.

ಈ ವಾರ ಅಂಥ ಕೆಲವು ಇಣುಕುನೋಟಗಳ ಒಳಗೆ ಏನಿದೆ ಎಂದು ಬಿಚ್ಚಿ ನೋಡೋಣ. ಮಕ್ಕಳಿಗೆ ಗೊತ್ತಿಲ್ಲದ ಸಂಗತಿಗಳೂ ಅದರಲ್ಲಿವೆ. ಅಜ್ಜಂದಿರಿಗೆ ಸುಲಭವಾಗಿ ತಿಳಿಯುವ ಸಂಗತಿಗಳೂ ಇವೆ.

ಮೊದಲು ಸ್ವಲ್ಪ ಇತಿಹಾಸ. ವಿಡಿಯೊ ಗೇಮುಗಳು ಆರಂಭದಲ್ಲಿ ಮನೆಯೊಳಗೆ ಇದ್ದದ್ದಕ್ಕಿಂತ ಹೆಚ್ಚಾಗಿ ಅಂಗಡಿಗಳಲ್ಲಿ, ಆರ್ಕೇಡ್ ಎಂಬ ಆಟದ ಮನೆಗಳಲ್ಲಿ ಇದ್ದವು. ಆಳೆತ್ತರದ ಮರದ ಪೆಟ್ಟಿಗೆ, ಅದಕ್ಕೊಂದು ಪರದೆ, ಕೆಳಗೆ ನಾಣ್ಯ ಹಾಕುವ ಸೀಳು. ಜಪಾನಿನಲ್ಲಿ 1978ರಲ್ಲಿ 'ಸ್ಪೇಸ್ ಇನ್ವೇಡರ್ಸ್' ಬಂತು. 1980ರಲ್ಲಿ 'ಪ್ಯಾಕ್-ಮ್ಯಾನ್' ಬಂತು. 1981ರಲ್ಲಿ 'ಡಾಂಕಿ ಕಾಂಗ್' ಬಂತು. ಪ್ಯಾಕ್-ಮ್ಯಾನ್ ಎಷ್ಟು ಜನಪ್ರಿಯವಾಯಿತೆಂದರೆ, 1982ರಲ್ಲಿ ಅಮೆರಿಕದ ಹನ್ನಾ-ಬಾರ್ಬೆರಾ ಸ್ಟುಡಿಯೊ ಅದನ್ನೇ ಟಿ.ವಿ. ಕಾರ್ಟೂನ್ ಮಾಡಿತು. ಟಾಮ್ ಅಂಡ್ ಜೆರ್‍ರಿಯನ್ನು ಸೃಷ್ಟಿಸಿದ ಜೋಡಿ ಕಟ್ಟಿದ ಸ್ಟುಡಿಯೊ ಅದು. ಆ ಕಾಲದಲ್ಲಿ ಜೇಬಿನ ಚಿಲ್ಲರೆಯನ್ನೆಲ್ಲ ಆ ಪೆಟ್ಟಿಗೆಗಳಿಗೆ ಸುರಿದ ಹುಡುಗರಲ್ಲಿ ಕೆಲವರು ಮುಂದೆ ದೊಡ್ಡವರಾಗಿ ಕಾರ್ಟೂನ್ ಬರೆಯುವವರಾದರು. ತಮ್ಮ ಬಾಲ್ಯವನ್ನು ಕಥೆಗಳೊಳಗೆ ತಂದರು.

'ಫ್ಯೂಚುರಾಮಾ' ಎಂಬ ಅಮೆರಿಕನ್ ಕಾರ್ಟೂನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಾಯಕ ಫ್ರೈ 1999ರ ಕೊನೆಯ ರಾತ್ರಿ ಆಕಸ್ಮಿಕವಾಗಿ ಹೆಪ್ಪುಗಟ್ಟಿ, ಒಂದು ಸಾವಿರ ವರ್ಷಗಳ ನಂತರ ಎಚ್ಚರಗೊಂಡವನು. ಅವನ ಪ್ರೊಫೆಸರ್ ಬಳಿ ಒಂದು ಯಂತ್ರವಿದೆ. 'ಹೀಗಾಗಿದ್ದರೆ ಏನಾಗುತ್ತಿತ್ತು?' ಎಂದು ಕೇಳಿದರೆ ಅದು ಸಿನಿಮಾದಂತೆ ತೋರಿಸುತ್ತದೆ. 2002ರ ಜನವರಿಯಲ್ಲಿ ಬಂದ ಒಂದು ಕಂತಿನಲ್ಲಿ ಫ್ರೈ, "ಬದುಕು ವಿಡಿಯೊ ಗೇಮಿನಂತಿದ್ದರೆ?" ಎಂದು ಕೇಳುತ್ತಾನೆ. ಆಗ ಡಾಂಕಿ ಕಾಂಗ್ ರಾಯಭಾರಿಯಾಗಿ ಬಂದು ಪೀಪಾಯಿ ಎಸೆಯುತ್ತದೆ. ಪ್ಯಾಕ್-ಮ್ಯಾನ್ ಸೈನ್ಯದ ಜನರಲ್ ಆಗುತ್ತಾನೆ. ಆಕಾಶದಿಂದ ಸಾಲುಸಾಲಾಗಿ ಶತ್ರುಗಳು ಇಳಿಯುತ್ತಾರೆ. ಅದೇ ಸ್ಪೇಸ್ ಇನ್ವೇಡರ್ಸ್.

ಆ ಶತ್ರುಗಳು ಕೇಳುವುದು ಚಿನ್ನವನ್ನಲ್ಲ, ರಾಜ್ಯವನ್ನಲ್ಲ. ಕ್ವಾರ್ಟರ್ ನಾಣ್ಯಗಳನ್ನು! ಕ್ವಾರ್ಟರ್ ಎಂದರೆ ಡಾಲರಿನ ಕಾಲು ಭಾಗ, ನಮ್ಮ ಪಾವಲಿಯ ಹಾಗೆ. ಅಮೆರಿಕದಲ್ಲಿ ಆಟದ ಪೆಟ್ಟಿಗೆಗೆ ಹಾಕುತ್ತಿದ್ದದ್ದು ಅದೇ ನಾಣ್ಯ. ಬಟ್ಟೆ ಒಗೆಯುವ ಸಾರ್ವಜನಿಕ ಯಂತ್ರಗಳಿಗೆ ಹಾಕುವುದೂ ಅದೇ. ಭೂಮಿಯನ್ನು ಗೆಲ್ಲಲು ಬಂದವರು ಕೊನೆಗೆ ಬಟ್ಟೆ ಒಗೆಯಲು ಚಿಲ್ಲರೆ ಇಲ್ಲದೆ ಬಂದವರು! ನನ್ನಂತೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಚಿಲ್ಲರೆ ಎಣಿಸಿದ ಗುಮಾಸ್ತರಿಗೆ ಈ ತಮಾಷೆ ಅರ್ಥವಾಗಲು ಯಾವ ಗೇಮನ್ನೂ ಆಡಬೇಕಾಗಿಲ್ಲ.

ಫ್ರೈ ಬಾಲ್ಯದಲ್ಲಿ ಆಡಿದ ಅನುಭವದಿಂದ ಶತ್ರುಗಳನ್ನೆಲ್ಲ ಹೊಡೆದುರುಳಿಸುತ್ತಾನೆ. ಕೊನೆಗೆ ಒಂದೇ ಒಂದು ಉಳಿಯುತ್ತದೆ. ಅದು ಮಿಂಚಿನಂತೆ ಓಡುತ್ತದೆ. ಫ್ರೈಗೆ ಹೊಡೆಯಲಾಗುವುದಿಲ್ಲ. ಚಿಕ್ಕಂದಿನಲ್ಲಿ ಆ ಕೊನೆಯದನ್ನು ಯಾವಾಗಲೂ ಹೊಡೆಯುತ್ತಿದ್ದವನು ಅವನ ಅಣ್ಣ.

ಕೊನೆಯ ಶತ್ರು ಅಷ್ಟು ವೇಗವಾಗಿ ಓಡುವುದೇಕೆ? ಇದು ಕಾರ್ಟೂನಿನವರು ಕಟ್ಟಿದ್ದಲ್ಲ, ನಿಜವಾದ ಆಟದಲ್ಲೇ ಹಾಗಿದೆ. ಅದಕ್ಕೊಂದು ಸೊಗಸಾದ ಕಾರಣವಿದೆ. ಆಟ ಶುರುವಾದಾಗ ಪರದೆಯ ಮೇಲೆ 11ರಂತೆ 5 ಸಾಲು, ಒಟ್ಟು 55 ಶತ್ರುಗಳು. ಯಂತ್ರ ಪರದೆಯ ಚಿತ್ರವನ್ನು ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ತೋರಿಸುತ್ತದೆ. ಆದರೆ ಆಗಿನ ಯಂತ್ರದ ಶಕ್ತಿ ಕಡಿಮೆ. ಒಂದೊಂದು ಸಲಕ್ಕೆ ಒಂದೇ ಶತ್ರುವನ್ನು ಒಂದು ಹೆಜ್ಜೆ ಸರಿಸಲು ಅದಕ್ಕೆ ಸಾಧ್ಯ.

ಇದನ್ನು ಬ್ಯಾಂಕಿನ ಸರದಿ ಸಾಲಿನಂತೆ ಯೋಚಿಸಿ. ಕೌಂಟರ್ ಒಂದೇ, ಗುಮಾಸ್ತನೂ ಒಬ್ಬನೇ. ಸಾಲಿನಲ್ಲಿ 55 ಮಂದಿ. ಒಬ್ಬರ ಕೆಲಸ ಮುಗಿದ ಮೇಲೆ ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಹಾಗಾದರೆ ಎರಡನೆಯ ಸರದಿ ಬರುವಾಗ ಹೆಚ್ಚುಕಡಿಮೆ ಒಂದು ಸೆಕೆಂಡ್ ಆಗಿರುತ್ತದೆ. ಸಾಲಿನಲ್ಲಿ ಹತ್ತೇ ಮಂದಿ ಉಳಿದರೆ ಸರದಿ ಬೇಗ ಬೇಗ ಬರುತ್ತದೆ. ಒಬ್ಬರೇ ಉಳಿದರೆ? ಪ್ರತಿ ಸಲವೂ ಅವರದ್ದೇ ಸರದಿ! ಸೆಕೆಂಡಿಗೆ 60 ಹೆಜ್ಜೆ. ಗುಮಾಸ್ತ ವೇಗ ಹೆಚ್ಚಿಸಿಲ್ಲ. ಸಾಲು ಕರಗಿದೆ.

ಈ ಆಟವನ್ನು ರೂಪಿಸಿದವರು ತೊಮೊಹಿರೊ ನಿಶಿಕಾಡೊ. ಶತ್ರುಗಳು ಕಡಿಮೆಯಾದಂತೆ ವೇಗ ತಾನಾಗಿಯೇ ಹೆಚ್ಚುವುದನ್ನು ಅವರು ಕಂಡರು. ಅದನ್ನು ಸರಿಪಡಿಸಲು ಹೋಗಲಿಲ್ಲ. ಆಟಕ್ಕೆ ರೋಚಕತೆ ಬರುವುದು ಅದರಿಂದಲೇ ಎಂದು ಹಾಗೆಯೇ ಬಿಟ್ಟರು. ಯಂತ್ರದ ಒಂದು ದೌರ್ಬಲ್ಯ ಆಟದ ಜೀವವಾಯಿತು. ಇಪ್ಪತ್ತನಾಲ್ಕು ವರ್ಷಗಳ ಮೇಲೆ ಅದೇ ಒಂದು ಕಾರ್ಟೂನಿನ ನಗೆಯೂ ಆಯಿತು.

ಪ್ಯಾಕ್-ಮ್ಯಾನ್ ಆಟದ ಕಥೆ ಇನ್ನೊಂದು ತರಹದ್ದು. ತೊರು ಇವಾತಾನಿ ರೂಪಿಸಿದ ಈ ಆಟದಲ್ಲಿ ಒಂದು ಹಳದಿ ಬಾಯಿ ಚುಕ್ಕಿಗಳನ್ನು ತಿನ್ನುತ್ತಾ ಹೋಗುತ್ತದೆ. ನಾಲ್ಕು ದೆವ್ವಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ಒಂದು ಹಂತ ಮುಗಿದರೆ ಇನ್ನೊಂದು. ಆದರೆ 256ನೆಯ ಹಂತಕ್ಕೆ ಬಂದರೆ ಪರದೆಯ ಬಲಭಾಗವೆಲ್ಲ ಅಕ್ಷರ, ಅಂಕಿಗಳ ಕಲಸುಮೇಲೋಗರವಾಗುತ್ತದೆ. ಆಟ ಮುಂದೆ ಹೋಗುವುದಿಲ್ಲ. ಏಕೆಂದರೆ ಹಂತದ ಸಂಖ್ಯೆ ಬರೆದಿಡಲು ಯಂತ್ರದಲ್ಲಿ ಕೊಟ್ಟಿದ್ದ ಜಾಗ 0ಯಿಂದ 255ರವರೆಗೆ ಮಾತ್ರ ಸಾಕಾಗುತ್ತದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದ ಮೇಲೆ 00000ಕ್ಕೆ ತಿರುಗುತ್ತಿದ್ದದ್ದನ್ನು ಅಜ್ಜಂದಿರು ನೋಡಿರಬಹುದು. ಇಲ್ಲಿ ಆದದ್ದೂ ಅದೇ. ಲೆಕ್ಕ ಸೊನ್ನೆಗೆ ತಿರುಗಿ ಯಂತ್ರ ದಿಕ್ಕು ತಪ್ಪಿತು. ಲೆಡ್ಜರಿನಲ್ಲಿ ಅಂಕಣದ ಅಗಲ ಸಾಲದೆ ಹೋದರೆ ಮೊತ್ತ ಏನಾಗುತ್ತದೆ ಎಂಬುದು ಲೆಕ್ಕ ಬರೆದವರಿಗೆಲ್ಲ ಗೊತ್ತು.

ಇನ್ನು ಹಳೆಯ ಗೇಮುಗಳನ್ನು ನೆನಪಿಸಲು ಕಾರ್ಟೂನಿನವರು ಪಾತ್ರಗಳನ್ನು ಚೌಕ ಚೌಕವಾಗಿ ಬರೆಯುತ್ತಾರಲ್ಲ, ಅದನ್ನು ಗಮನಿಸಿದ್ದೀರಾ? ಅಜ್ಜಿಯರೇ, ಅದನ್ನು ನೀವು ತಕ್ಷಣ ಹಿಡಿಯುತ್ತೀರಿ. ಅದು ಕಸೂತಿಯ ಲೆಕ್ಕ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಆನೆ, ತೇರು, ಗೋಪುರ ಹಾಕುವುದಿಲ್ಲವೆ? ಹಾಗೆಯೇ ಹಳೆಯ ಪರದೆಯಲ್ಲಿ ಪಿಕ್ಸೆಲ್ ಎಂಬ ಚುಕ್ಕಿಗಳನ್ನು ಎಣಿಸಿ ಮನುಷ್ಯನನ್ನು ಮಾಡಬೇಕಿತ್ತು. ಡಾಂಕಿ ಕಾಂಗ್ ಆಟಕ್ಕೆ ನಾಯಕನನ್ನು ಮಾಡುವಾಗ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಬಾಯಿ ಬರೆಯಲು ಜಾಗವಿಲ್ಲ, ಅದಕ್ಕೆ ಮೀಸೆ ಇಟ್ಟರು. ಕೂದಲು ಬರೆಯುವುದು ಕಷ್ಟ, ಅದಕ್ಕೆ ಟೋಪಿ ಹಾಕಿದರು. ಕೈ ಬೀಸುವುದು ಎದ್ದು ಕಾಣಲಿ ಎಂದು ಬೇರೆ ಬಣ್ಣದ ಮೇಲಂಗಿ ತೊಡಿಸಿದರು. ಅವನೇ ಮುಂದೆ ಮಾರಿಯೋ ಎಂದು ಹೆಸರಾದ. ಇವತ್ತು ಯಾವುದೇ ಕಾರ್ಟೂನಿನಲ್ಲಿ ಕೆಂಪು ಟೋಪಿ ಮತ್ತು ದಪ್ಪ ಮೀಸೆ ಎರಡೇ ಕಂಡರೂ ಮಕ್ಕಳು ಗುರುತು ಹಿಡಿಯುತ್ತಾರೆ. ಬಡತನದಲ್ಲಿ ಹುಟ್ಟಿದ ವೇಷವೇ ಅವನ ಗುರುತಾಯಿತು.

ಈ ಚೌಕದ ಚಿತ್ರವನ್ನು ಬಹಳ ಚೆನ್ನಾಗಿ ಬಳಸಿದ ಕಾರ್ಟೂನ್ 'ಗ್ರಾವಿಟಿ ಫಾಲ್ಸ್'. 2012ರಿಂದ 2016ರವರೆಗೆ ಬಂದ ಡಿಸ್ನಿಯ ಈ ಸರಣಿಯನ್ನು ಸೃಷ್ಟಿಸಿದವರು ಅಲೆಕ್ಸ್ ಹರ್ಷ್. ಹನ್ನೆರಡು ವರ್ಷದ ಅವಳಿ ಮಕ್ಕಳು ಡಿಪ್ಪರ್ ಮತ್ತು ಮೇಬಲ್ ಬೇಸಿಗೆ ರಜೆ ಕಳೆಯಲು ಚಿಕ್ಕಜ್ಜ ಸ್ಟ್ಯಾನ್ ಮನೆಗೆ ಬಂದಿದ್ದಾರೆ. ರಜೆಗೆ ಅಜ್ಜನ ಮನೆ ಎಂದರೆ ನಮ್ಮ ಓದುಗರಿಗೆ ಹೊಸದೇನೂ ಅಲ್ಲ.

ಮೊದಲ ವರ್ಷದ ಒಂದು ಕಂತಿನಲ್ಲಿ ಡಿಪ್ಪರ್‌ಗೆ ಊರಿನ ದೊಡ್ಡ ಹುಡುಗನೊಬ್ಬನ ಜೊತೆ ಜಗಳ. ಅವನನ್ನು ಎದುರಿಸಲು ಡಿಪ್ಪರ್‌ಗೆ ಧೈರ್ಯವಿಲ್ಲ. ಆಟದ ಪೆಟ್ಟಿಗೆಯ ಪಕ್ಕದಲ್ಲಿ ಯಾರೋ ಗೀಚಿಟ್ಟ ಗುಟ್ಟಿನ ಸಂಕೇತವನ್ನು ಒತ್ತುತ್ತಾನೆ. ಆಟದೊಳಗಿನ ಜಟ್ಟಿ ರಂಬಲ್ ಹೊರಗೆ ಬಂದು ನಿಲ್ಲುತ್ತಾನೆ. ಉಳಿದವರೆಲ್ಲ ನಯವಾದ ಗೆರೆಯ ಚಿತ್ರ, ಅವನೊಬ್ಬ ಮಾತ್ರ ಚೌಕ ಚೌಕ. 'ಸ್ಟ್ರೀಟ್ ಫೈಟರ್' ಎಂಬ ಹೊಡೆದಾಟದ ಆಟವನ್ನು ಬಲ್ಲವರಿಗೆ ಆ ವೇಷ ಎಲ್ಲಿಯದೆಂದು ಕೂಡಲೇ ತಿಳಿಯುತ್ತದೆ.

ಗುಟ್ಟಿನ ಸಂಕೇತವೂ ನಿಜವಾದ ಸಂಗತಿಯೇ. ಜಪಾನಿನ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಅವರು 1980ರ ದಶಕದಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದರು. ಆಟವನ್ನು ಪರೀಕ್ಷಿಸಬೇಕು, ಆದರೆ ಅದು ಅವರಿಗೇ ಬಹಳ ಕಷ್ಟ! ಅದಕ್ಕೆ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಪೂರ್ಣ ಬಲ ಬರುವಂತೆ ಮಾಡಿಕೊಂಡರು. ಅದು ಆಟದಲ್ಲೇ ಉಳಿದು ಲೋಕಪ್ರಸಿದ್ಧವಾಯಿತು.

ಡಿಪ್ಪರ್ ಕಥೆಗೆ ಬರೋಣ. ಜಟ್ಟಿಯನ್ನು ಎತ್ತಿಕಟ್ಟಲು ಅವನೊಂದು ಸುಳ್ಳು ಹೇಳುತ್ತಾನೆ: ಆ ದೊಡ್ಡ ಹುಡುಗನೇ ನಿನ್ನ ತಂದೆಯನ್ನು ಕೊಂದವನು ಎಂದು. ಆಟದಿಂದ ಬಂದವನಿಗೆ ಆಟವೂ ಬದುಕೂ ಒಂದೇ. ಅವನು ನಿಜವಾಗಿ ಕೊಲ್ಲಲು ಹೊರಡುತ್ತಾನೆ. ಆಗ ಡಿಪ್ಪರ್ ಓಡಿ ಹೋಗಿ ಅಡ್ಡ ನಿಂತು, ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುತ್ತಾನೆ. ಬೀಳಬೇಕಾದ ಏಟುಗಳನ್ನೆಲ್ಲ ತಾನೇ ತಿನ್ನುತ್ತಾನೆ. ಗೆದ್ದ ಜಟ್ಟಿಗೆ ಆಟ ಮುಗಿಯಿತು, ಅವನು ಮಾಯವಾಗುತ್ತಾನೆ. ಸೋತ ಡಿಪ್ಪರ್ ಉಳಿಯುತ್ತಾನೆ. ಅದೇ ಕಂತಿನಲ್ಲಿ ಮೇಬಲ್ ಏನು ಮಾಡುತ್ತಾಳೆ ಗೊತ್ತೇ? ಎತ್ತರದ ಭಯವಿರುವ ಚಿಕ್ಕಜ್ಜನ ಕಣ್ಣಿಗೆ ಬಟ್ಟೆ ಕಟ್ಟಿ ನೀರಿನ ಟ್ಯಾಂಕಿನ ಮೇಲೆ ಹತ್ತಿಸುತ್ತಾಳೆ! ಮೊಮ್ಮಕ್ಕಳ ಕೈಗೆ ಸಿಕ್ಕಿದ ಅಜ್ಜಂದಿರ ಪಾಡು ಎಲ್ಲ ದೇಶದಲ್ಲೂ ಒಂದೇ. (ಮಕ್ಕಳೇ, ಇದನ್ನು ಮನೆಯಲ್ಲಿ ಮಾಡಬೇಡಿ.)

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು 'ದಿ ಸಿಂಪ್ಸನ್ಸ್' ಸರಣಿಯ ಒಂದು ಕಂತು. 1995ರ ಡಿಸೆಂಬರ್ 17ರಂದು ಬಂದದ್ದು. ಆ ಕಾಲದ ಹಿನ್ನೆಲೆ ಸ್ವಲ್ಪ ಹೇಳಬೇಕು. 'ಮಾರ್ಟಲ್ ಕಾಂಬ್ಯಾಟ್' ಎಂಬ ರಕ್ತ ಚಿಮ್ಮುವ ಆಟ 1992ರಲ್ಲಿ ಬಂದು ಅಮೆರಿಕದ ತಂದೆತಾಯಿಗಳು ಗಾಬರಿಯಾಗಿದ್ದರು. 1993ರಲ್ಲಿ ಅಲ್ಲಿನ ಸೆನೆಟ್‌ನಲ್ಲೇ ವಿಚಾರಣೆ ನಡೆಯಿತು. ಅದರ ಫಲವಾಗಿ 1994ರಲ್ಲಿ ಯಾವ ಆಟ ಯಾವ ವಯಸ್ಸಿಗೆ ಎಂದು ಡಬ್ಬಿಯ ಮೇಲೆ ಗುರುತು ಹಾಕುವ ಮಂಡಳಿ ಹುಟ್ಟಿತು. ಆ ಗದ್ದಲವನ್ನೇ ಗೇಲಿ ಮಾಡಿ ಸಿಂಪ್ಸನ್ಸ್‌ನವರು 'ಬೋನ್‌ಸ್ಟಾರ್ಮ್' ಎಂಬ ಹುಸಿ ಆಟವೊಂದನ್ನು ಕಟ್ಟಿದರು.

ಹತ್ತು ವರ್ಷದ ಬಾರ್ಟ್‌ಗೆ ಆ ಆಟ ಬೇಕೇ ಬೇಕು. ದುಬಾರಿ, ಮೇಲಾಗಿ ಬರೀ ಹೊಡೆದಾಟ ಎಂದು ಅವನ ಅಮ್ಮ ಮಾರ್ಜ್ ಒಪ್ಪುವುದಿಲ್ಲ. ಅವನು ಒಂದು ದೊಡ್ಡ ಅಂಗಡಿಗೆ ಹೋಗುತ್ತಾನೆ. ಆಟ ಇಟ್ಟ ಗಾಜಿನ ಕಪಾಟಿನ ಬಾಗಿಲು ತೆರೆದಿದೆ. ಅಕ್ಕಪಕ್ಕ ಯಾರೂ ಇಲ್ಲ. ಆಗ ಅವನ ಕಣ್ಣಿಗೆ ಗೇಮುಗಳ ಪಾತ್ರಗಳೇ ಬಂದು ನಿಲ್ಲುತ್ತವೆ. ಅಂಗಡಿಯವರು ಶ್ರೀಮಂತರು, ಅವರಿಗೆ ಗೊತ್ತೇ ಆಗುವುದಿಲ್ಲ ಎಂದು ಮಾರಿಯೋನ ತಮ್ಮ ಲುಯಿಜಿ ಹೇಳುತ್ತಾನೆ. ಇಷ್ಟು ಆಸೆ ಹುಟ್ಟಿಸಿದ್ದು ಕಂಪನಿಯದೇ ತಪ್ಪು ಎಂದು ಡಾಂಕಿ ಕಾಂಗ್ ಹೇಳುತ್ತದೆ. ತಗೋ ತಗೋ ಎಂದು ಸಾನಿಕ್ ಅವಸರಿಸುತ್ತದೆ. ಬೇಡ ಮಗು ಎನ್ನುವವನು ಒಬ್ಬನೇ. ಯಾರಿಗೂ ಬೇಡವಾದ, ನೀರಸವಾದ ಗಾಲ್ಫ್ ಆಟವೊಂದರ ಯಜಮಾನ ಲೀ ಕಾರ್ವಾಲೊ.

ಬಾರ್ಟ್ ಕದಿಯುತ್ತಾನೆ, ಸಿಕ್ಕಿಬೀಳುತ್ತಾನೆ. ಅಮ್ಮ ಬೈಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ರಾತ್ರಿ ಅವನಿಗೆ ಹೊದಿಕೆ ಹೊದಿಸಲು ಬರುವುದನ್ನು ನಿಲ್ಲಿಸುತ್ತಾಳೆ. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಕೊನೆಗೊಂದು ದಿನ ಅವನು ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಮನೆಗೆ ಬರುತ್ತಾನೆ. ಮತ್ತೆ ಕದ್ದ ಎಂದುಕೊಂಡು ಅಮ್ಮ ಬೆನ್ನಟ್ಟಿ ಹಿಡಿದರೆ, ಅದು ಅವನದೇ ನಗುಮುಖದ ಫೋಟೊ. ಅಮ್ಮನಿಗಾಗಿ ತೆಗೆಸಿ, ಚೌಕಟ್ಟು ಹಾಕಿಸಿ ತಂದದ್ದು. ಅದರ ಮೇಲೆ ಹಣ ಪೂರ್ತಿ ಸಂದಿದೆ ಎಂಬ ರಸೀದಿ! ಜೀವಮಾನವಿಡೀ ರಸೀದಿಗೆ ಮುದ್ರೆ ಒತ್ತಿದ ನಾನು, ಒಂದು ರಸೀದಿ ಇಷ್ಟು ಮಾತಾಡುವುದನ್ನು ಬೇರೆಲ್ಲೂ ಕಂಡಿಲ್ಲ.

ಸಂತೋಷಗೊಂಡ ಅಮ್ಮ ಅವನಿಗೆ ಹಬ್ಬದ ಉಡುಗೊರೆಯನ್ನು ಮುಂಚೆಯೇ ಕೊಡುತ್ತಾಳೆ. ಎಲ್ಲ ಹುಡುಗರೂ ಬಯಸುವ ಆಟವೇ ಇದು ಎಂದು ಅವಳ ನಂಬಿಕೆ. ಬಿಚ್ಚಿ ನೋಡಿದರೆ ಅದು ಲೀ ಕಾರ್ವಾಲೊನ ಗಾಲ್ಫ್ ಆಟ! ಬಾರ್ಟ್ ಮುಖ ಸಿಂಡರಿಸುವುದಿಲ್ಲ, ಅಮ್ಮನಿಗೆ ಧನ್ಯವಾದ ಹೇಳುತ್ತಾನೆ. ಈ ಕಂತನ್ನು ಬರೆದ ಮೈಕ್ ಸ್ಕಲಿ ತಮ್ಮ ಬಾಲ್ಯದಲ್ಲಿ ತಾವೇ ಅಂಗಡಿಯಲ್ಲಿ ಕದ್ದ ಘಟನೆಯಿಂದ ಇದನ್ನು ಹೆಣೆದರು. ಗೇಮುಗಳ ವೇಷ ಮೇಲಿನದು. ಒಳಗಿರುವುದು ತಾಯಿ-ಮಗನ ನಡುವಿನ ನಂಬಿಕೆಯ ಲೆಕ್ಕ.

ಅಜ್ಜ-ಅಜ್ಜಿಯರಿಗೆ ಎರಡು ಎಚ್ಚರಿಕೆಯ ಮಾತು. ಒಂದು, ಕಾರ್ಟೂನ್ ಎಂದ ಮಾತ್ರಕ್ಕೆ ಎಲ್ಲವೂ ಮಕ್ಕಳಿಗಲ್ಲ. ಫ್ಯೂಚುರಾಮಾ, ಸಿಂಪ್ಸನ್ಸ್ ಕೂಡ ದೊಡ್ಡವರನ್ನೂ ಮನಸ್ಸಿನಲ್ಲಿಟ್ಟು ಮಾಡಿದವು. ಚಿಕ್ಕ ಮಕ್ಕಳಿಗೆ ತೋರಿಸುವ ಮುಂಚೆ ನೀವೊಮ್ಮೆ ನೋಡಿ. ಎರಡು, ಕಣ್ಣಿನ ಸಂಗತಿ. ಗೇಮ್ ಆಗಿ ಹುಟ್ಟಿ ಟಿ.ವಿ.ಗೆ ಬಂದ 'ಪೋಕೆಮಾನ್'ನ ಒಂದು ಕಂತಿನಲ್ಲಿ ಪಾತ್ರಗಳು ಕಂಪ್ಯೂಟರಿನೊಳಗೆ ಹೋಗುತ್ತವೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಅದು ಪ್ರಸಾರವಾದಾಗ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿ ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಮೇಲೆ ಅಲ್ಲಿ ನಿಯಮಗಳು ಬಂದವು. ಕೋಣೆಯಲ್ಲಿ ಬೆಳಕಿಟ್ಟು, ದೂರ ಕುಳಿತು ನೋಡಿ ಎಂಬ ಸೂಚನೆಯನ್ನು ಅಲ್ಲಿನ ಕಾರ್ಟೂನುಗಳಲ್ಲಿ ತೋರಿಸತೊಡಗಿದರು. "ಟಿ.ವಿ.ಗೆ ಅಂಟಿಕೊಂಡು ಕೂತ್ಕೋಬೇಡ" ಎಂದು ಅಜ್ಜಿ ಕೂಗುವುದು ಸುಮ್ಮನೆ ಅಲ್ಲ ಮಕ್ಕಳೇ.

ಈ ವಾರಕ್ಕೊಂದು ಕೆಲಸ. ಮಕ್ಕಳೇ, ಮುಂದಿನ ಸಲ ಕಾರ್ಟೂನ್ ನೋಡುತ್ತಾ ನಿಮಗೆ ನಗು ಬಂದು ಅಜ್ಜನಿಗೆ ಬರದೆ ಹೋದರೆ, "ನಿಮಗೆ ಗೊತ್ತಾಗಲ್ಲ ಬಿಡಜ್ಜ" ಎನ್ನಬೇಡಿ. ಎರಡೇ ನಿಮಿಷ ನಿಲ್ಲಿಸಿ, ಅದು ಯಾವ ಆಟ, ಅದರ ನಿಯಮವೇನು ಎಂದು ಹೇಳಿ. ಅಜ್ಜಂದಿರೇ, ನೀವೂ ಬದಲಿಗೆ ಒಂದು ಗಾದೆಯನ್ನೋ, ಯಕ್ಷಗಾನದಲ್ಲಿ ಕಂಡ ಒಂದು ಪ್ರಸಂಗವನ್ನೋ ಹೇಳಿ. ಲೇವಾದೇವಿ ಸರಿಹೋಯಿತು.

ಮತ್ತೆ ಆಟದ ಗುಂಡಿ ನಿಮ್ಮ ಕೈಗೆ ಬಂದರೆ ಬೇಡ ಎನ್ನಬೇಡಿ ಅಜ್ಜಂದಿರೇ. 55ರಲ್ಲಿ ಹತ್ತನ್ನು ನೀವು ಹೊಡೆಯಿರಿ. ಮಿಂಚಿನಂತೆ ಓಡುವ ಕೊನೆಯ ಒಂದನ್ನು ಹೊಡೆಯಲು ಪಕ್ಕದಲ್ಲಿ ಮೊಮ್ಮಕ್ಕಳು ಇದ್ದಾರಲ್ಲ.